ಟೈಲರಕ್ಕನಿಗೆ ನಾನು ಹಾಕಿದ ಅಂಕ

ಕಳೆದ ತಿಂಗಳು ತೀರ್ಥಹಳ್ಳಿಯಲ್ಲಿ ನಮ್ಮ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅಮ್ಮನ ಸೀರೆಯ ಫಾಲ್ ಬಿಚ್ಚಿಕೊಂಡು ಚಪ್ಪಲಿಗೆ ಸಿಗುತ್ತಿತ್ತು. ಎರಡು ಹೊಲಿಗೆ ಹಾಕಿಸೋಣವೆಂದು ನಿಲ್ದಾಣದ ಹಿಂದಿನ ಹೊಲಿಗೆ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯಾಕೆ ಆಗಷ್ಟೇ ಮಷಿನಿಗೆ ಎಣ್ಣೆ ಬಿಟ್ಟಿದ್ದಳು. ಒಳಗೆ ಯಾರೋ ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡಿರಬೇಕು. ಎರಡೂ ವಾಸನೆ ಬೆರೆತು ಬಾಗಿಲವರೆಗೆ ಬಂತು... ನಾನು ಹೊಸ್ತಿಲಲ್ಲೇ ನಿಂತೆ. ಅಮ್ಮ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು, ಸೀರೆಯ ಅಂಚನ್ನು ಹಿಡಿದುಕೊಂಡು, ಮಾತಾಡದೆ ಆ ಮಷಿನನ್ನೇ ನೋಡುತ್ತಿದ್ದಳು. ಏನಾಗಬೇಕು ಎಂದು ಅಂಗಡಿಯಾಕೆ ಎರಡು ಸಲ ಕೇಳಿದಳು. ಕೊನೆಗೆ ನಾನೇ ಹೇಳಿದೆ.

ನಾವು ಅಂದು ತೀರ್ಥಹಳ್ಳಿಗೆ ಹೋಗಿದ್ದು ಟೈಲರಕ್ಕ ತೀರಿಕೊಂಡು ವರ್ಷವಾಯಿತೆಂದು. ಅವರ ತಮ್ಮನ ಮನೆಯಲ್ಲಿ ಊಟ ಮುಗಿಸಿ ಬಂದಿದ್ದೆವು. ಆ ಮನೆಯಲ್ಲಿ ಅವರ ಫೋಟೊ ಇತ್ತು, ಅದಕ್ಕೆ ಹಾರ ಇತ್ತು, ಅವರ ಗುರುತು ಹೇಳುವ ಬೇರೆ ಏನೂ ಇರಲಿಲ್ಲ. ಅಪರಿಚಿತ ಅಂಗಡಿಯಲ್ಲಿ ಮಾತ್ರ ಅವರ ಮನೆಯ ವಾಸನೆ ಹಾಗೇ ಇತ್ತು.

ಸಾಗರದಲ್ಲಿ ನಮ್ಮ ಮನೆಯ ಬೀದಿಯಲ್ಲೇ, ನಾಲ್ಕು ಮನೆ ಆಚೆ ಅವರಿದ್ದರು. ಬೀದಿಯವರೆಲ್ಲ ಅವರನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಐವತ್ತರ ಹತ್ತಿರದ ವಯಸ್ಸು. ಮುಂದಿನ ಕೋಣೆಯಲ್ಲಿ ಎರಡು ಮಷಿನ್, ಒಂದು ಉದ್ದನೆಯ ಮೇಜು, ಗೋಡೆಯಲ್ಲಿ ಒಂದು ದೊಡ್ಡ ಕ್ಯಾಲೆಂಡರ್. ಅವರಿಗೆ ಬಹಳ ವರ್ಷಗಳಿಂದ ಸಂಧಿವಾತ. ಮಂಡಿ, ಹಿಮ್ಮಡಿ, ಭುಜ ಎಲ್ಲಕ್ಕೂ ಅದು ಸರದಿಯಂತೆ ಬರುತ್ತಿತ್ತು, ಕೈಗಳನ್ನು ಮಾತ್ರ ಬಿಟ್ಟುಹೋಗುತ್ತಲೇ ಇರಲಿಲ್ಲ. ಬೆರಳುಗಳೆಲ್ಲ ಗಾಳಿಗೆ ಒಂದೇ ಕಡೆ ವಾಲಿದ ಹುಲ್ಲಿನ ಹಾಗೆ ಹೊರಗೆ ಬಾಗಿದ್ದವು. ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಆದರೂ ಅಂಗಡಿ ಮುಚ್ಚಿರಲಿಲ್ಲ. ಬೀದಿಯ ಹೆಂಗಸರು ಮಧ್ಯಾಹ್ನದ ಕೆಲಸ ಮುಗಿಸಿ ಬಂದು ಅವರ ಮಷಿನಿನಲ್ಲಿ ತಾವೇ ಹೊಲಿಯುತ್ತಿದ್ದರು. ಟೈಲರಕ್ಕ ಗೋಡೆಗೆ ದಿಂಬು ಕೊಟ್ಟುಕೊಂಡು ಕುರ್ಚಿಯಲ್ಲಿ ಕೂತು, ಕಣ್ಣಳತೆಯಲ್ಲೇ ಹೇಳುತ್ತಿದ್ದರು. "ಕಂಕುಳ ಹತ್ರ ಅರ್ಧ ಬೆರಳು ಒಳಗೆ ತಗೊ. ಅಷ್ಟಲ್ಲ ಮಾರಾಯ್ತಿ, ನಿನ್ ಬೆರಳಲ್ಲ, ನನ್ ಬೆರಳು!" ಎಂದು ತಮ್ಮ ಡೊಂಕು ಬೆರಳನ್ನು ತಾವೇ ಎತ್ತಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದರು.

ನಗುವವರಲ್ಲಿ ನನ್ನ ಅಮ್ಮನೂ ಒಬ್ಬಳು. ಇದನ್ನು ನಂಬಲು ನನಗೆ ಬಹಳ ದಿನ ಬೇಕಾಯಿತು.

ನಮ್ಮ ಮನೆಯಲ್ಲಿ ಮಾತು ಕಡಿಮೆ. ಅಪ್ಪನಿಗೆ ಕಾರ್ಗಲ್‌ನಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸ್, ಶನಿವಾರ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದರು. ಉಳಿದ ದಿನ ನಾನು ಮತ್ತು ಅಮ್ಮ. ಬಂದ್ಯಾ, ತಿಂದ್ಯಾ, ಮಲಗು ಎನ್ನುವುದರಲ್ಲಿ ನಮ್ಮ ದಿನ ಮುಗಿಯುತ್ತಿತ್ತು. ಅಮ್ಮನ ಸ್ವಭಾವವೇ ಹಾಗೆ, ನನ್ನದೂ ಹಾಗೆ, ನಾವಿಬ್ಬರೂ ಒಂದೇ ಬಗೆಯವರು ಎಂದು ನಾನು ತಿಳಿದಿದ್ದೆ. ಅದರ ಬಗ್ಗೆ ಹೆಮ್ಮೆಯೂ ಇತ್ತು. ನಾನು ವಿಶ್ವವಿದ್ಯಾಲಯಕ್ಕೆ ಸೇರಿ ಹಾಸ್ಟೆಲ್ಲಿಗೆ ಹೋದ ವರ್ಷ ಅಮ್ಮ ಟೈಲರಕ್ಕನ ಮನೆಗೆ ಹೋಗಲು ಶುರುಮಾಡಿದ್ದಳಂತೆ. ದಸರಾ ರಜೆಗೆ ಬಂದಾಗ ಗಮನಿಸಿದೆ: ಎರಡೂಮುಕ್ಕಾಲಿಗೆ ಅಮ್ಮ ಮುಖ ತೊಳೆದು, ತಲೆ ಬಾಚಿ, ಮನೆಯಲ್ಲಿ ಉಡುವ ಸೀರೆ ಬದಲಿಸಿ, "ಇಲ್ಲೇ ಹೋಗಿ ಬರ್ತೀನಿ" ಎಂದು ಹೊರಟಳು. ಅರ್ಧ ಗಂಟೆ ಬಿಟ್ಟು ನಾನೂ ಹೋದೆ. ಬೀದಿಯಲ್ಲಿದ್ದಾಗಲೇ ಒಳಗಿಂದ ಒಂದು ನಗು ಕೇಳಿತು. ತಡೆಯಿಲ್ಲದ, ಉಸಿರು ಸಿಕ್ಕಿಕೊಳ್ಳುವಂಥ ನಗು. ಯಾರಪ್ಪ ಹೀಗೆ ನಗುವುದು ಎಂದುಕೊಂಡೇ ಮೆಟ್ಟಿಲು ಹತ್ತಿದೆ. ನನ್ನನ್ನು ಕಂಡಕೂಡಲೇ ಅಮ್ಮ ನಗು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂತ ಬೇಕಿತ್ತು?" ಎಂದಳು. ಏನೂ ಇಲ್ಲ ಎಂದು ನಾನು ವಾಪಸು ಬಂದೆ.

ಟೈಲರಕ್ಕ ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಪದ್ಧತಿಯನ್ನು ಒಬ್ಬರೇ ಇದ್ದರೂ ಬಿಟ್ಟಿರಲಿಲ್ಲ. ಐದು ಗಂಟೆಯ ಸುಮಾರಿಗೆ ಬೇರೆ ಹೆಂಗಸರು ಎದ್ದು ಹೋದ ಮೇಲೆ ಅಮ್ಮ ಉಳಿಯುತ್ತಿದ್ದಳು. ಅನ್ನ ಸಾರು ಕಲಸಿ, ಚಮಚದಲ್ಲಿ ಎತ್ತಲು ಬರುವಂತೆ ಸಣ್ಣ ಸಣ್ಣ ಉಂಡೆ ಮಾಡಿ ತಟ್ಟೆಯ ಸುತ್ತ ಇಟ್ಟುಬರುತ್ತಿದ್ದಳು. ಉಣ್ಣಿಸುತ್ತಿರಲಿಲ್ಲ. ಅದಕ್ಕೆ ಅವರು ಬಿಡುತ್ತಿರಲಿಲ್ಲ. ಒಮ್ಮೆ ಕಿಟಕಿಯಿಂದ ನಾನು ಆ ತಟ್ಟೆಯನ್ನು ನೋಡಿದೆ. ಚಿಕ್ಕಂದಿನಲ್ಲಿ ನನಗೆ ಮಾಡಿಡುತ್ತಿದ್ದ ಅದೇ ಉಂಡೆಗಳು, ಅದೇ ಸಾಲು... ಕಾಯಿಲೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಒಳ್ಳೆಯದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಅದು ಕಡಿಮೆಯಾಗಲಿಲ್ಲ.

ಸಮಾಜಕಾರ್ಯ ಎಂ.ಎ.ಯ ಎರಡನೆಯ ವರ್ಷ ಒಂದು ಅಧ್ಯಯನ ಮಾಡಿ ಒಪ್ಪಿಸಬೇಕಿತ್ತು. ದೀರ್ಘಕಾಲದ ಕಾಯಿಲೆಯವರ ಸಾಮಾಜಿಕ ಬದುಕನ್ನು ಅಳೆಯುವುದು ನನ್ನ ವಿಷಯ. ಅಳೆಯುವುದು ಎಂದರೆ ನಿಜವಾಗಿಯೂ ಅಳೆಯುವುದೇ. ಎಷ್ಟು ಸಲ ಮನೆಯಿಂದ ಹೊರಗೆ ಹೋಗುತ್ತೀರಿ, ಕಷ್ಟವನ್ನು ಯಾರಲ್ಲಿ ಹೇಳಿಕೊಳ್ಳುತ್ತೀರಿ, ಯಾರಿಗೆ ನೆರವಾಗಿದ್ದೀರಿ, ಎಷ್ಟು ಕಾರ್ಯಗಳಿಗೆ ಆಹ್ವಾನ ಬಂದಿದೆ ಎಂಬಂಥ ಪ್ರಶ್ನೆಗಳಿದ್ದ ಒಂದು ನಮೂನೆ. ಪ್ರತಿ ಉತ್ತರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕೊನೆಗೆ ಕೂಡಿದರೆ ಆ ಮನುಷ್ಯರು ಜನರ ನಡುವೆ ಎಷ್ಟರಮಟ್ಟಿಗೆ ಬದುಕುತ್ತಿದ್ದಾರೆ ಎಂಬುದಕ್ಕೆ ಒಂದು ಸಂಖ್ಯೆ ಸಿಗುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆ ಓಡಾಡಿ, ನಮ್ಮ ಬೀದಿಯ ಮೂಲೆಮನೆಯವರನ್ನೂ ಸೇರಿಸಿ ಹದಿನಾರು ಜನರನ್ನು ಕೇಳಿ ಮುಗಿಸಿದ್ದೆ. ಕಿಡ್ನಿಯವರು, ಸಕ್ಕರೆ ಕಾಯಿಲೆಯವರು, ಸಂಧಿವಾತದವರು. ನನಗೆ ಆ ಕೆಲಸ ಹಿಡಿಸಿತ್ತು. ಅಪರಿಚಿತರ ಮುಂದೆ ಕೂತು ಏನು ಮಾತಾಡಬೇಕೆಂದು ಮೊದಲೇ ಬರೆದುಕೊಟ್ಟಿದ್ದರೆ ನನ್ನಂಥವರಿಗೆ ಅದಕ್ಕಿಂತ ಅನುಕೂಲ ಇಲ್ಲ.

ಇದರ ಜೊತೆಗೆ ಇನ್ನೊಂದು ವಿಷಯ ಸೇರಿಕೊಂಡಿತು. ಆನಂದಪುರದಲ್ಲಿ ಒಂದು ಸೇವಾ ಸಂಸ್ಥೆಯವರು ಕಾಯಿಲೆಯವರಿಗಾಗಿ ವಾರಕ್ಕೊಮ್ಮೆ ಕೂಟ ನಡೆಸಲು ಹೊರಟಿದ್ದರು. ಕಾಯಿಲೆ ಹೊಸದಾಗಿ ಬಂದವರ ಜೊತೆ ಹಳಬರೊಬ್ಬರು ಕೂತು ಮಾತಾಡಿ ಧೈರ್ಯ ಹೇಳುವುದು. ಅಂಥ ಹಳಬರನ್ನು ಆರಿಸಲು, ಒಪ್ಪಿದವರ ಅಂಕಗಳನ್ನು ಕೊಡಬಹುದೇ ಎಂದು ನನ್ನ ಮಾರ್ಗದರ್ಶಕರ ಮೂಲಕ ಕೇಳಿದ್ದರು. ನಲವತ್ತು ಅಂಕ ದಾಟಿದವರು ಅವರಿಗೆ ಬೇಕಿತ್ತು. ಮನೆಯಲ್ಲಿ ಈ ಮಾತು ಬಂದಾಗ ಅಮ್ಮನ ಮುಖ ಅರಳಿತು. "ಟೈಲರಕ್ಕನ್ನ ಬಿಟ್ಟು ಯಾರಿದಾರೆ ಅದಕ್ಕೆ? ನಾಳೆನೇ ಹೋಗು" ಎಂದಳು.

ಹೋದೆ. ಹಿಂದೆಯೇ ಅಮ್ಮನೂ ಬಂದು ಮೇಜಿನ ಬಳಿ ಕೂತಳು. ಪ್ರಶ್ನೆ ಕೇಳುವಾಗ ಮೂರನೆಯವರು ಇರಬಾರದು ಎಂಬ ನಿಯಮವಿದೆ. ಬೇರೆ ಮನೆಗಳಲ್ಲಿ ನಾನು ಅದನ್ನು ಅಷ್ಟು ಬಿಗಿಯಾಗಿ ಪಾಲಿಸಿರಲಿಲ್ಲ. ಅಂದು, "ಅಮ್ಮ, ನೀನು ಹೊರಗೆ ಹೋಗಬೇಕು" ಎಂದೆ. ಅಮ್ಮ ತಬ್ಬಿಬ್ಬಾಗಿ ಎದ್ದಳು. ಟೈಲರಕ್ಕ ನಗುತ್ತ, "ಹೋಗೇ ಹೋಗು, ಆಫೀಸರ್ ಬಂದಿದಾರೆ" ಎಂದರು.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಸಾಕೆಂದು ನಾನು ಶಾಯಿಯ ಡಬ್ಬಿ ತೆರೆದಿದ್ದೆ. ಅವರು ಅದನ್ನು ಮೊಣಕೈಯಿಂದ ಸರಿಸಿ, "ನಾನೇನು ಓದ್ದೋಳಲ್ವಾ? ಕೊಡಿಲ್ಲಿ ಪೆನ್ನು" ಎಂದರು. ಎರಡೂ ಅಂಗೈ ನಡುವೆ ಪೆನ್ನು ಸಿಕ್ಕಿಸಿಕೊಂಡು ಒಂದೊಂದೇ ಅಕ್ಷರ ಬರೆದು ಮುಗಿಸುವಷ್ಟರಲ್ಲಿ ಹಣೆಯಲ್ಲಿ ಬೆವರು ಬಂದಿತ್ತು. ಆಮೇಲೆ ಹೇಳಿದರು: "ಆ ಆನಂದಪುರದ ಕೆಲ್ಸಕ್ಕೆ ನನ್ ಹೆಸ್ರು ಹಾಕ್ತೀಯಲ್ಲ? ಇಲ್ಲಿಗೆ ಎಲ್ಲರೂ ಬರ್ತಾರೆ, ಇಲ್ಲ ಅನ್ನಲ್ಲ. ಆದ್ರೆ ನಾನು ಹೋಗ್ದೇ ಇದ್ರೆ ಆಗೋದೇ ಇಲ್ಲ ಅನ್ನೋ ಜಾಗ ಒಂದು ಬೇಕು ನೋಡು ನಂಗೆ." ಅಂಕ ನೋಡಿ ಅವರೇ ಆರಿಸುತ್ತಾರೆ ಎಂದೆ. "ಸರಿ, ಹಾಗಾದ್ರೆ ಚೆನ್ನಾಗೇ ಉತ್ತರ ಹೇಳ್ತೀನಿ" ಎಂದು ಶಾಲೆಯ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು.

ಕಷ್ಟವನ್ನು ಮೊದಲು ಯಾರಲ್ಲಿ ಹೇಳಿಕೊಳ್ಳುತ್ತೀರಿ ಎಂಬುದಕ್ಕೆ, "ನಿಮ್ಮಮ್ಮಂಗೆ. ಬರ್ಕ" ಎಂದರು. ಬರೆದುಕೊಂಡೆ. ಕಳೆದ ಒಂದು ವರ್ಷದಲ್ಲಿ ಬೇರೆಯವರಿಗೆ ನೀವು ನೆರವಾದದ್ದುಂಟೇ ಎಂದು ಕೇಳಿದೆ.

"ಹೋದ್ ವರ್ಷ ನಿಮ್ಮಮ್ಮನ ಆಪರೇಷನ್ನಿಗೆ ಶಿವಮೊಗ್ಗಕ್ಕೆ ಹೋಗಿ ಎರಡು ದಿನ ಕೂತಿರ್ಲಿಲ್ವಾ? ಅದು ಬರತ್ತಾ ಇದ್ರಲ್ಲಿ?"

ಯಾವ ಆಪರೇಷನ್ ಎಂದು ಕೇಳಿದೆ. ಅವರ ಮುಖ ಒಮ್ಮೆಗೇ ಇಳಿಯಿತು. ಬಾಗಿಲ ಕಡೆ ನೋಡಿದರು. "ಎಂಥದೂ ಇಲ್ವೇ... ಎದೆ ಹತ್ರ ಸಣ್ಣ ಗಂಟು. ತೆಗ್ದು ಟೆಸ್ಟಿಗೆ ಕಳ್ಸಿದ್ರು. ಏನೂ ಇಲ್ಲ ಅಂತ ರಿಪೋರ್ಟ್ ಬಂತು. ನಿಮ್ಮಪ್ಪಂಗೆ ರಜೆ ಸಿಗ್ಲಿಲ್ಲ. ನಿಂಗೆ ಪರೀಕ್ಷೆ ಇತ್ತಲ್ಲ, ಹೇಳೋದು ಬೇಡ ಅಂದ್ಲು. ಕೇಳ್ಬೇಡ ಅವಳನ್ನ, ಪಾಪ."

ಆ ಎರಡು ದಿನ ನನಗೆ ನೆನಪಿತ್ತು. ಅಮ್ಮ, ಸಿಗಂದೂರು ದೇವಸ್ಥಾನಕ್ಕೆ ಹೋಗಿದ್ದೆ, ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ ಎಂದಿದ್ದಳು. ನಾನು ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಓದುತ್ತಿದ್ದಾಗ, ಲೋಟ ಹಿಡಿಯಲೂ ಆಗದ ಈ ಹೆಂಗಸು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ನನ್ನ ಅಮ್ಮನ ಮಂಚದ ಪಕ್ಕ ಕೂತಿದ್ದರು. ಅಮ್ಮ ಆ ಭಯವನ್ನು ಹೇಳಿಕೊಂಡದ್ದು ಅವರಿಗೆ. ರಿಪೋರ್ಟ್ ಬಂದಾಗ ಹಿಡಿದುಕೊಂಡದ್ದು ಆ ಕೈಗಳನ್ನು... ನಾನು ಕೃತಜ್ಞಳಾಗಬೇಕಿತ್ತು. ನನಗೆ ಅನ್ನಿಸಿದ್ದು, ನನ್ನದೊಂದನ್ನು ಇವರು ನನಗೆ ತಿಳಿಯದ ಹಾಗೆ ತೆಗೆದುಕೊಂಡು, ಈಗ ಇಂಥದೊಂದು ಇತ್ತು ಎಂದು ತೋರಿಸುತ್ತಿದ್ದಾರೆ ಎಂದು. ನಮೂನೆಯಲ್ಲಿ ಆ ಪ್ರಶ್ನೆಯ ಮುಂದೆ ಪೂರ್ತಿ ನಾಲ್ಕು ಅಂಕ ಹಾಕಿದೆ.

ಮುಂದಿನ ಪ್ರಶ್ನೆ ಆಹ್ವಾನದ್ದು. ಆರು ತಿಂಗಳಲ್ಲಿ ಎಷ್ಟು ಕಾರ್ಯಗಳಿಗೆ ಕರೆ ಬಂದಿದೆ?

"ಹನ್ನೊಂದು" ಎಂದು ಕ್ಯಾಲೆಂಡರಿನ ಪಕ್ಕದ ತಂತಿಯತ್ತ ಗಲ್ಲ ಎತ್ತಿದರು. ಕರೆಯೋಲೆಗಳನ್ನೆಲ್ಲ ಅದಕ್ಕೆ ಚುಚ್ಚಿಟ್ಟಿದ್ದರು. "ಬೇಕಾದ್ರೆ ಎಣಿಸ್ಕ. ಆದ್ರೆ ಕರೆದಿದ್ದು ಎರಡೇ."

ಅರ್ಥವಾಗಲಿಲ್ಲ ಎಂದೆ.

ಅವರು ಕರೆಯಲು ಬಂದವರ ಧ್ವನಿಯನ್ನೇ ಮಾಡಿ ತೋರಿಸಿದರು. "'ಅಕ್ಕಾ, ಹದಿನಾಲ್ಕಕ್ಕೆ ಮಗಳ ಮದ್ವೆ. ಬ್ಲೌಸ್ ಎಂಟು ದಿನದೊಳಗೆ ಕೊಟ್ಬಿಡಿ. ನಿಮ್ಗೆ ಓಡಾಡೋದು ಕಷ್ಟ, ಬರ್ದಿದ್ರೂ ಅಡ್ಡಿಲ್ಲ.' ಕುಂಕುಮ ಕೊಡ್ತಾರೆ, ಅಕ್ಷತೆ ಕೊಡ್ತಾರೆ, ಕೊನೆಗೆ ಆ ಒಂದು ಮಾತು. ಆ ಮಾತು ಬಿದ್ಮೇಲೆ ಹೋಗಕ್ಕಾಗತ್ತೇನೇ? ಹೋದ್ರೆ 'ಅಯ್ಯೋ, ಬಂದೇ ಬಿಟ್ರಾ' ಅಂತ ಕುರ್ಚಿ ಹುಡುಕ್ತಾರೆ. ಬರ್ಲೇಬೇಕು, ಆಟೋ ಕಳಿಸ್ತೀವಿ ಅಂದೋರು ಎರಡೇ ಮನೆ. ನಾನು ಲೆಕ್ಕ ಇಡೋದು ಅದನ್ನ."

ನಮ್ಮ ಕಡೆ ಕರೆಯುವುದೆಂದರೆ ಮನೆಗೇ ಬಂದು ಕರೆಯಬೇಕು. ಪತ್ರ ಯಾವಾಗಲೂ ಎರಡನೆಯದು, ಬಾಯಿಮಾತೇ ಮುಖ್ಯ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಕೊನೆಯಲ್ಲಿ ಆ ಸಡಿಲಿಕೆ ಕೊಡುವುದನ್ನು ನಾವೆಲ್ಲ ಸೌಜನ್ಯವೆಂದೇ ತಿಳಿದಿದ್ದೆವು. ಅದು ಕೇಳಿಸಿಕೊಳ್ಳುವವರಿಗೆ ಹೇಗೆ ಕೇಳುತ್ತದೆ ಎಂದು ಅಂದೇ ನನಗೆ ತಿಳಿದದ್ದು. ಹದಿನಾರು ಜನರನ್ನು ಕೇಳಿದರೂ ಯಾರೂ ಹೇಳದ ಮಾತು. ಒಳ್ಳೆಯ ವಿದ್ಯಾರ್ಥಿನಿ ಅದನ್ನು ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದಳು.

ನಮೂನೆಯ ಜೊತೆಗಿದ್ದ ಸೂಚನೆಯಲ್ಲಿ ಸ್ಪಷ್ಟವಾಗಿತ್ತು: ಹೋಗಿರಲಿ, ಬಿಟ್ಟಿರಲಿ, ಬಂದ ಆಹ್ವಾನಗಳನ್ನೆಲ್ಲ ಎಣಿಸಬೇಕು. ಹತ್ತಕ್ಕಿಂತ ಹೆಚ್ಚಿದ್ದರೆ ನಾಲ್ಕು ಅಂಕ. ಮೂರಕ್ಕಿಂತ ಕಡಿಮೆಯಿದ್ದರೆ ಒಂದು. ಬೇರೆ ಹದಿನಾರು ಮನೆಯಲ್ಲಿ ನಾನು ಹಾಗೇ ಎಣಿಸಿದ್ದೆ. ತಂತಿಯಲ್ಲಿ ಹನ್ನೊಂದು ಕಾಗದ ನೇತಾಡುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ನಾನು 'ಎರಡು' ಎಂದು ಬರೆದು ಒಂದು ಅಂಕ ಹಾಕಿದೆ. ಉತ್ತರ ಹೇಳಿದವರು ಅವರೇ, ನಾನು ಅವರ ಮಾತನ್ನೇ ಬರೆದೆ ಎಂದು ಮನಸ್ಸಿನಲ್ಲಿ ಸಮರ್ಥನೆಯೂ ಸಿದ್ಧವಾಗಿತ್ತು. ಮನೆಗೆ ಬಂದು ಕೂಡಿದೆ. ಮೂವತ್ತೆಂಟು. ಹನ್ನೊಂದು ಎಂದು ಬರೆದಿದ್ದರೆ ನಲವತ್ತೊಂದು ಆಗುತ್ತಿತ್ತು. ಅಳಿಸುವ ರಬ್ಬರ್ ಮೇಜಿನ ಮೇಲೇ ಇತ್ತು. ಎರಡು ದಿನ ಬಿಟ್ಟು ಪಟ್ಟಿ ಕಳಿಸಿದೆ.

ನಮ್ಮ ಬೀದಿಯಿಂದ ಆಯ್ಕೆಯಾದವರು ಮೂಲೆಮನೆಯ ನಿವೃತ್ತ ಪೋಸ್ಟ್‌ಮ್ಯಾನ್. ಸಕ್ಕರೆ ಕಾಯಿಲೆಯವರು. ಮನುಷ್ಯರ ಜೊತೆ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ, ಆದರೆ ನೆಂಟರು ಬಹಳ, ಕರೆಯೋಲೆಗಳು ಬಹಳ. ಸುದ್ದಿ ತಿಳಿದ ಮಧ್ಯಾಹ್ನ ನಾನು ಅಮ್ಮನನ್ನು ಕರೆಯುವ ನೆಪದಲ್ಲಿ ಟೈಲರಕ್ಕನ ಮನೆಗೆ ಹೋಗಿದ್ದೆ. "ಅವ್ರ ಎದುರು ಒಂದು ಗಂಟೆ ಕೂತ್ರೆ ಇಲ್ದಿರೋ ರೋಗನೂ ಬರತ್ತೆ" ಎಂದು ಮಷಿನ್ ತುಳಿಯುತ್ತಿದ್ದವಳೊಬ್ಬಳು ಹೇಳಿ ಎಲ್ಲರೂ ನಕ್ಕರು. ಟೈಲರಕ್ಕನೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ. "ಟೈಲರಕ್ಕನ ಹೆಸ್ರು ಎಂತಕ್ಕೆ ಬರ್ಲಿಲ್ಲ?" ಎಂದು ಎಲ್ಲರ ಮುಂದೆ ನನ್ನನ್ನು ಕೇಳಿದಳು. ಅಂಕ ಸಾಲಲಿಲ್ಲ ಎಂದೆ.

ಹೆಂಗಸರೆಲ್ಲ ಹೋಗುವವರೆಗೆ ಟೈಲರಕ್ಕ ನನ್ನನ್ನು ತಡೆದರು. ಅಮ್ಮ ಒಳಗೆ ಅನ್ನ ಕಲಸುತ್ತಿದ್ದಳು. ಅವರು ಧ್ವನಿ ತಗ್ಗಿಸಿ ಕೇಳಿದರು: "ಕರೆದಿದ್ದಕ್ಕೆ ಎಷ್ಟು ಹಾಕ್ದೆ? ಹನ್ನೊಂದಾ, ಎರಡಾ?"

"ನೀವೇ ಎರಡು ಅಂದ್ರಲ್ಲ."

ಅವರು ನನ್ನನ್ನು ನೋಡಿದರು. ಬಟ್ಟೆಯ ಅಳತೆ ನೋಡುವ ಹಾಗೆ, ಒಂದು ಸಲ, ಪೂರ್ತಿಯಾಗಿ. "ಹೌದು. ನಾನೇ ಅಂದೆ" ಎಂದರು. ಅಷ್ಟೇ. ಒಳಗಿಂದ ಅಮ್ಮ "ಎಂಥದು?" ಎಂದು ಕೇಳಿದ್ದಕ್ಕೆ, "ಎಂಥದಿಲ್ಲ, ಇವಳ ಚೂಡಿದಾರ್ ತೋಳು ಬಿಗಿ ಆಗಿದೆಯಂತೆ" ಎಂದು ಕೂಗಿ ಹೇಳಿದರು. ಅವರು ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅಮ್ಮನಿಂದ ಬಚ್ಚಿಟ್ಟು ನನ್ನನ್ನು ಕಾಪಾಡಿದ್ದು ನನಗೆ ಇನ್ನೂ ಕಹಿಯಾಯಿತು. ಅಮ್ಮನ ಗುಟ್ಟು, ನನ್ನ ಗುಟ್ಟು, ಎಲ್ಲವೂ ಅವರ ಹತ್ತಿರವೇ ಸೇರಿಕೊಳ್ಳುತ್ತಿತ್ತು.

ಮುಂದಿನ ವರ್ಷ ಶಿವಮೊಗ್ಗದಲ್ಲಿ ನನಗೆ ಕೆಲಸ ಸಿಕ್ಕಿತು. ದಿನವೂ ಬಸ್ಸಿನಲ್ಲಿ ಹೋಗಿ ಬರಬಹುದಾದದ್ದು. ಅಮ್ಮ ಸಂತೋಷಕ್ಕೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಳು. ಇಪ್ಪತ್ತೈದು ಜನಕ್ಕೆ ಊಟ. ಬೇರೆಯವರನ್ನೆಲ್ಲ ತಾನೇ ಹೋಗಿ ಕರೆದಳು. ಟೈಲರಕ್ಕನನ್ನು ಮಾತ್ರ, "ನಿನ್ ಕೆಲಸದ ಪೂಜೆ, ನೀನೇ ಕರಿ. ನೀನು ಕರೆದ್ರೆ ಅವಳಿಗೆ ಖುಷಿಯಾಗತ್ತೆ" ಎಂದು ಕುಂಕುಮದ ಭರಣಿ ನನ್ನ ಕೈಗೆ ಕೊಟ್ಟಳು.

ಬೆಳಗ್ಗೆ ಹತ್ತು ಗಂಟೆ. ಅವರು ಒಬ್ಬರೇ ಇದ್ದರು. ಬೆಳಗಿನ ಹೊತ್ತು ಅವರ ಕೀಲುಗಳು ಬಿಗಿದುಕೊಂಡಿರುತ್ತಿದ್ದವು, ಬಾಗಿಲಿಗೆ ಬರಲು ಬಹಳ ಹೊತ್ತು ಹಿಡಿಯಿತು. ನನ್ನನ್ನು ನೋಡಿ, ನನ್ನ ಕೈಯ ಭರಣಿ ನೋಡಿ, ಮುಖದಲ್ಲಿ ಬೆಳಕು ಬಂತು. ಕುಂಕುಮ ಕೊಟ್ಟೆ. ಗುರುವಾರ ಪೂಜೆ, ಹನ್ನೆರಡೂವರೆಗೆ ಊಟ ಎಂದೆ. "ಕೆಲಸ ಸಿಕ್ತಲ್ಲ, ಒಳ್ಳೇದಾಯ್ತು ಮಗಾ. ನಿಮ್ಮಮ್ಮ ಎರಡು ದಿನ ಅದೇ ಮಾತು" ಎಂದರು. ಅಮ್ಮ ನನ್ನ ಬಗ್ಗೆ ಎರಡು ದಿನ ಮಾತಾಡಿದ್ದಳು, ಇವರ ಹತ್ತಿರ. ನನಗೆ ಅವಳು ಹೇಳಿದ್ದು "ಒಳ್ಳೇದಾಯ್ತು" ಎಂಬ ಒಂದೇ ಮಾತು. ನಾನು ಮೆಟ್ಟಿಲಿಳಿದು, ತಿರುಗಿ ನಿಂತು, ಮೃದುವಾಗಿಯೇ ಹೇಳಿದೆ:

"ನಿಮಗೆ ಓಡಾಡೋದು ಕಷ್ಟ. ಬರ್ದಿದ್ರೂ ಅಡ್ಡಿಲ್ಲ."

ಬಾಯಿತಪ್ಪಿ ಬಂದ ಮಾತಲ್ಲ. ಆ ಮಾತಿನ ತೂಕ ಗೊತ್ತಿದ್ದೇ ಹೇಳಿದೆ. ಅದನ್ನು ನನಗೆ ತಿಳಿಸಿಕೊಟ್ಟವರು ಅವರೇ. ಅವರು ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟುಕೊಂಡು, "ಆಯ್ತು" ಎಂದರು.

ಗುರುವಾರ ಅಮ್ಮ ಅವರಿಗೆಂದು ಗೆಡ್ಡೆಗೆಣಸು, ಈರುಳ್ಳಿ ಏನೂ ಸೇರದ ಬಾಳೆಕಾಯಿ ಪಲ್ಯ ಬೇರೆಯಾಗಿ ಮಾಡಿಟ್ಟಿದ್ದಳು. ನೆಲದಲ್ಲಿ ಕೂರಲಾಗದೆಂದು ಮೇಜು ಹಾಕಿ ಅದರ ಮೇಲೆ ಒಂದು ಎಲೆ. ಮೊದಲ ಪಂಕ್ತಿ ಮುಗಿಯಿತು, ಎರಡನೆಯದೂ ಮುಗಿಯಿತು. ಅಮ್ಮ ನಡುನಡುವೆ ಬಾಗಿಲಿಗೆ ಹೋಗಿ ಬೀದಿ ನೋಡಿ ಬರುತ್ತಿದ್ದಳು. "ಸರಿಯಾಗಿ ಕರೆದ್ಯಲ್ಲ?" ಎಂದಳು. "ಸರಿಯಾಗೇ ಕರೆದೆ" ಎಂದೆ. ಮೂರು ಗಂಟೆಗೆ ಆ ಪಲ್ಯವನ್ನೂ ಪಾಯಸವನ್ನೂ ಡಬ್ಬಿಗೆ ಹಾಕಿಕೊಂಡು ತಾನೇ ಹೋದಳು. ಬರುವಾಗ ಸಂಜೆಯಾಗಿತ್ತು. ಮಂಡಿ ಬಾತುಕೊಂಡಿದೆಯಂತೆ ಎಂದಳು. ಹಾಗೆಂದು ಡಬ್ಬಿ ತೊಳೆಯಲು ಹಿತ್ತಲಿಗೆ ಹೋದಳು.

ಆಮೇಲೆ ಅವರ ಕಾಲು ನಿಜಕ್ಕೂ ಕೈಕೊಟ್ಟಿತು. ಒಂದು ಬೇಸಿಗೆಯಲ್ಲಿ ತಮ್ಮ ಬಂದು ತೀರ್ಥಹಳ್ಳಿಗೆ ಕರೆದುಕೊಂಡು ಹೋದ. ಮಷಿನುಗಳನ್ನು ಬೀದಿಯ ಇಬ್ಬರು ಹೆಂಗಸರಿಗೆ ಕೊಟ್ಟುಹೋದರು. ಅಲ್ಲಿ ಅವರ ಸುತ್ತ ಹೊಲಿಯುವವರು ಯಾರೂ ಇರಲಿಲ್ಲ. ಅಮ್ಮ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದಳು. ನಾನು ಒಮ್ಮೆಯೂ ಹೋಗಲಿಲ್ಲ, ಕೆಲಸದ ನೆಪ ಇತ್ತು. ಆಮೇಲೆ ಎದೆಗೆ ಸೋಂಕು ಎಂದು ಆಸ್ಪತ್ರೆಗೆ ಸೇರಿಸಿದರು... ನಾಲ್ಕೇ ದಿನ.

ಅಲ್ಲಿಂದೀಚೆಗೆ ಅಮ್ಮ ಪೂರ್ತಿ ನನ್ನವಳು. ರಜೆಯ ದಿನ ಮಧ್ಯಾಹ್ನ ಮೂರಾದರೂ ಎಲ್ಲಿಗೂ ಹೊರಡುವುದಿಲ್ಲ. ಸೀರೆ ಬದಲಿಸುವುದಿಲ್ಲ. ನಾನು ಎದುರಿಗೆ ಕೂತು ಆಫೀಸಿನ ಸಂಗತಿ ಹೇಳುತ್ತೇನೆ, ನಗೆಯ ಸಂಗತಿಯನ್ನೇ ಆರಿಸಿ ಹೇಳುತ್ತೇನೆ. ಹೂಂ ಎನ್ನುತ್ತಾಳೆ. ಬೀದಿಯಲ್ಲಿ ನಿಂತು ಕೇಳಿದ ಆ ನಗುವನ್ನು ಮನೆಯೊಳಗೆ ತರಲು ನನ್ನಿಂದ ಆಗಿಲ್ಲ.

ಕಳೆದ ತಿಂಗಳು ತೀರ್ಥಹಳ್ಳಿಯಿಂದ ಬಸ್ಸು ಹೊರಟ ಮೇಲೆ ನಾನು ಹೇಳಿದೆ. ಯಾಕೆ ಅಂದೇ ಹೇಳಿದೆನೋ ತಿಳಿಯದು. ಹೊಲಿಗೆ ಅಂಗಡಿಯಲ್ಲಿ ಅಮ್ಮ ಕೂತಿದ್ದ ರೀತಿ ಕಣ್ಣಿಗೆ ಕಟ್ಟಿತ್ತು. ನಮೂನೆಯ ಎರಡು, ಹನ್ನೊಂದು, ಮೂವತ್ತೆಂಟು ಎಲ್ಲವನ್ನೂ ಹೇಳಿದೆ. ಪೂಜೆಗೆ ಹೇಗೆ ಕರೆದೆ ಎಂದೂ ಹೇಳಿದೆ. ಅಮ್ಮ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ಅವಳು ಎಂತ ಅಂದ್ಲು?" ಎಂದಳು.

"ಆಯ್ತು ಅಂದ್ರು."

"ಅಷ್ಟೇನಾ?"

"ಅಷ್ಟೇ."

ಹೊಸನಗರದಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ಅಮ್ಮ ಎದ್ದು, ನನ್ನ ಮಂಡಿ ದಾಟಿ, ಎರಡು ಸೀಟು ಮುಂದೆ ಆಚೆ ಬದಿಯಲ್ಲಿ ಒಬ್ಬ ಹೆಂಗಸಿನ ಪಕ್ಕ ಕೂತಳು. ಪರಿಚಯದವಳಲ್ಲ. ಮಡಿಲಲ್ಲಿ ಹೂವಿನ ಗಿಡಗಳ ಚೀಲ ಇಟ್ಟುಕೊಂಡಿದ್ದ, ಅಮ್ಮನ ವಯಸ್ಸಿನವಳು. ಮೊದಲು ಗಿಡದ ಮಾತು ನಡೆಯಿತು. ಆಮೇಲೆ ಅಮ್ಮನ ಧ್ವನಿ ಏರಿತು. ವರ್ಷದಿಂದ ನಾನು ಕೇಳದಷ್ಟು ಮಾತು ಒಂದೇ ಸಮನೆ ಬರುತ್ತಿತ್ತು. ನಾನು ಮುಂದಿನ ಸೀಟಿನ ಕಂಬಿಗೆ ಹಣೆ ಇಟ್ಟು ಕೇಳಿಸಿಕೊಂಡೆ.

"ನಂಗೊಬ್ಳು ಗೆಳತಿ ಇದ್ಲು. ಕೈ ಹೀಗೆ. ಹುಕ್ ಹಾಕ್ಕೊಳಕ್ಕೆ ಆಗ್ತಿರ್ಲಿಲ್ಲ, ದಿನಾ ಯಾರಾದ್ರೂ ಹಾಕ್ಬೇಕು. ನಮ್ಮನೆ ಪೂಜೆಗೆ ಬರೋದಕ್ಕೆ ಅಂತ, ಹುಕ್ ಬದ್ಲು ಬ್ಯಾಗಿಗೆ ಹಾಕೋ, ಒತ್ತಿದ್ರೆ ಕಚ್ಕೊಳೋ ಅಂಟುಪಟ್ಟಿ ಇಟ್ಟು ಬ್ಲೌಸ್ ಹೊಲಿಸ್ಕೊಂಡಿದ್ಲು. ನಂಗೂ ಹೇಳಿರ್ಲಿಲ್ಲ. ತಾನೇ ಹಾಕ್ಕೊಂಡು ಬಂದು ತೋರಿಸ್ಬೇಕು ಅಂತ. ಕಾದ್ವಿ ಕಾದ್ವಿ, ಬರ್ಲಿಲ್ಲ. ಮೂರು ಗಂಟೆಗೆ ಹೋಗಿ ನೋಡಿದ್ರೆ ಅದನ್ನೇ ಹಾಕ್ಕೊಂಡು, ಒಳ್ಳೆ ಸೀರೆ ಉಟ್ಕೊಂಡು, ಕುರ್ಚೀಲಿ ಕೂತಿದಾಳೆ. ಎಂತಕ್ಕೆ ಬರ್ಲಿಲ್ವೇ ಅಂದ್ರೆ ಮಂಡಿ ಬಾತಿದೆ ಅಂದ್ಲು. ನಾನೇ ಕಾಲು ಒತ್ತಿದೀನಿ. ಮಂಡಿ ಬಾತಿರ್ಲಿಲ್ಲ."

ಆ ಹೆಂಗಸು, "ಮತ್ಯಾಕೆ ಬರ್ಲಿಲ್ಲ?" ಎಂದು ಕೇಳಿದಳು.

ಅಮ್ಮ ಉತ್ತರ ಹೇಳಿದಳೋ ಇಲ್ಲವೋ, ಬಸ್ಸು ಏರುದಾರಿಯಲ್ಲಿ ಗೇರ್ ಬದಲಿಸಿದ ಸದ್ದಿಗೆ ನನಗೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಹೆಂಗಸು ಗಿಡದ ಚೀಲವನ್ನು ಕಾಲಬುಡಕ್ಕೆ ಇಳಿಸಿ ಅಮ್ಮನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಸಾಗರ ಬರುವವರೆಗೂ ಆ ಕೈ ಅಲ್ಲೇ ಇತ್ತು. ನಾನು ಅದನ್ನೇ ನೋಡುತ್ತ ಕೂತಿದ್ದೆ.